ತೋಟೆ, ಕೋವಿಮದ್ದು, ಪ್ರೈಮರ್: ಅಮೆರಿಕದಲ್ಲಿ ಅಂಚೆ ಮತ್ತು ಕೊರಿಯರ್ ಮೂಲಕ ಕಳುಹಿಸುವ ನಿಯಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು ಮತ್ತು ಕೊಡಗಿನ ತೋಟದ ಮನೆಗಳಲ್ಲಿ ಕೋವಿಯನ್ನು ನೋಡುತ್ತ ಬೆಳೆದು, ಈಗ ಅಮೆರಿಕದಲ್ಲಿ ನೆಲೆಸಿ, ವಾರಾಂತ್ಯಕ್ಕೆ ಗುರಿ ಅಭ್ಯಾಸಕ್ಕೆ ಹೋಗುವ ಕನ್ನಡಿಗರು ಸಾಕಷ್ಟು ಜನ ಇದ್ದಾರೆ. ಅವರಲ್ಲಿ ಕೆಲವರು ರೀಲೋಡಿಂಗ್ ಕೂಡ ಮಾಡುತ್ತಾರೆ, ಅಂದರೆ ಹಾರಿಸಿದ ತೋಟೆಯ ಖಾಲಿ ಕೇಸಿಗೆ ಹೊಸ ಪ್ರೈಮರ್ (ಏಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಪುಟ್ಟ ಭಾಗ), ಮದ್ದು ಮತ್ತು ಗುಂಡನ್ನು ಕೂಡಿಸಿ ತೋಟೆಯನ್ನು ಮತ್ತೆ ಸಿದ್ಧಪಡಿಸಿಕೊಳ್ಳುತ್ತಾರೆ. ನಾನೂ ಹಲವು ವರ್ಷಗಳಿಂದ ಇದನ್ನು ಮಾಡುತ್ತಿರುವುದರಿಂದ, ಈ ಸಾಮಾನುಗಳನ್ನು ಹೇಗೆ ತರಿಸಿಕೊಳ್ಳಬೇಕು, ಹೇಗೆ ಕಳುಹಿಸಬೇಕು ಎಂಬ ಪ್ರಶ್ನೆಗಳು ಆಗಾಗ ನನ್ನ ಬಳಿಗೆ ಬರುತ್ತವೆ. ಉತ್ತರಗಳು ಅಮೆರಿಕದ ಫೆಡರಲ್ ನಿಯಮಗಳನ್ನು ಆಧರಿಸಿವೆ; ಭಾರತಕ್ಕೆ ಸಂಬಂಧಿಸಿದ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

ತೋಟೆಗಳನ್ನು ಅಮೆರಿಕದ ಅಂಚೆಯಲ್ಲಿ ಕಳುಹಿಸಬಹುದೇ?

ಕಳುಹಿಸುವಂತಿಲ್ಲ. ಅಮೆರಿಕದ ಅಂಚೆ ಇಲಾಖೆಯು ಅಪಾಯಕಾರಿ ಮತ್ತು ನಿರ್ಬಂಧಿತ ವಸ್ತುಗಳಿಗೆಂದೇ ಪ್ರಕಟಿಸಿರುವ ‘ಪಬ್ಲಿಕೇಶನ್ 52’ ಎಂಬ ಕೈಪಿಡಿಯಲ್ಲಿ ತೋಟೆ, ಪ್ರೈಮರ್ ಮತ್ತು ಕೋವಿಮದ್ದು ಸ್ಫೋಟಕಗಳ ಗುಂಪಿಗೆ ಸೇರುತ್ತವೆ, ಆದ್ದರಿಂದ ದೇಶದೊಳಗಿನ ಅಂಚೆಗೂ ವಿದೇಶಿ ಅಂಚೆಗೂ ಅವು ನಿಷಿದ್ಧ. ಒಂದೇ ಒಂದು ತೋಟೆಯನ್ನು ನೆನಪಿನ ಕಾಣಿಕೆಯಾಗಿ ಲಕೋಟೆಯಲ್ಲಿಟ್ಟರೂ ನಿಯಮ ಬದಲಾಗುವುದಿಲ್ಲ. ಪರವಾನಗಿ ಪಡೆದ ವ್ಯಾಪಾರಿಗಳಿಗೂ ಇದರಲ್ಲಿ ವಿನಾಯಿತಿ ಇಲ್ಲ. ಅಪಾಯಕಾರಿ ವಸ್ತುವನ್ನು ಅಂಚೆಗೆ ಹಾಕಿದ್ದು ಸಾಬೀತಾದರೆ ಪ್ರತಿ ಉಲ್ಲಂಘನೆಗೆ ಕನಿಷ್ಠ 250 ಡಾಲರ್‌ಗಳಿಂದ ಒಂದು ಲಕ್ಷ ಡಾಲರ್‌ಗಳವರೆಗೆ ಸಿವಿಲ್ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ; ಉದ್ದೇಶಪೂರ್ವಕವಾಗಿ ಮಾಡಿದರೆ ಕ್ರಿಮಿನಲ್ ಮೊಕದ್ದಮೆ ಬೇರೆ.

ಹಾಗಾದರೆ ರೀಲೋಡಿಂಗ್‌ನ ಬಿಡಿಭಾಗಗಳಲ್ಲಿ ಯಾವುದನ್ನೂ ಅಂಚೆಯಲ್ಲಿ ಕಳುಹಿಸುವಂತಿಲ್ಲವೇ?

ಇಲ್ಲಿ ಮಾತಿನ ಗೊಂದಲವೇ ಮೊದಲ ತೊಡಕು. ನಾವು ಕನ್ನಡದಲ್ಲಿ ‘ಗುಂಡು’ ಎಂದರೆ ಇಡೀ ತೋಟೆಯೂ ಆಗಬಹುದು, ನಳಿಗೆಯಿಂದ ಹಾರಿಹೋಗುವ ಸೀಸದ ತುಂಡೂ ಆಗಬಹುದು. ಇಂಗ್ಲಿಷಿನವರು ‘ಬುಲೆಟ್’ ಎನ್ನುವಾಗಲೂ ಇದೇ ಸಡಿಲತೆ ಇದೆ. ಕಾನೂನಿನ ಕಣ್ಣಿಗೆ ಇವೆರಡೂ ಸಂಪೂರ್ಣ ಬೇರೆ ವಸ್ತುಗಳು. ಒಂದು ತೋಟೆಯಲ್ಲಿ ನಾಲ್ಕು ಭಾಗಗಳಿರುತ್ತವೆ: ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು, ಮತ್ತು ಬಾಯಿಯಲ್ಲಿ ಕಚ್ಚಿಕೊಂಡಿರುವ ಗುಂಡು. ಇವುಗಳಲ್ಲಿ ಪ್ರೈಮರ್ ಮತ್ತು ಮದ್ದು ಮಾತ್ರ ಸಿಡಿಯುವಂಥವು ಅಥವಾ ಉರಿಯುವಂಥವು. ಪ್ರೈಮರ್ ಇಲ್ಲದ ಕೇಸ್ ಬರೀ ಹಿತ್ತಾಳೆ. ಒಳಗೆ ಯಾವ ಸ್ಫೋಟಕವೂ ಇಲ್ಲದ ಸಾಮಾನ್ಯ ಗುಂಡು ಬರೀ ಸೀಸ ಮತ್ತು ತಾಮ್ರ. ಆದ್ದರಿಂದ ಖಾಲಿ ಕೇಸ್ ಮತ್ತು ಬಿಡಿ ಗುಂಡುಗಳನ್ನು ದೇಶದೊಳಗೆ ಅಂಚೆಯಲ್ಲಿ ಕಳುಹಿಸಬಹುದು, ಮತ್ತು ರೀಲೋಡಿಂಗ್ ಮಾಡುವವರು ನಿತ್ಯವೂ ಹಾಗೆ ಕಳುಹಿಸುತ್ತಾರೆ. ತೂಕ ಎಷ್ಟಿದ್ದರೂ ಒಂದೇ ದರದ ಫ್ಲಾಟ್ ರೇಟ್ ಪೆಟ್ಟಿಗೆ ಇದಕ್ಕೆ ಅನುಕೂಲ, ಆದರೆ 70 ಪೌಂಡ್ ಮೀರಬಾರದು.

ತೂಕವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. 124 ಗ್ರೇನ್ (7,000 ಗ್ರೇನ್ ಎಂದರೆ ಒಂದು ಪೌಂಡ್) ತೂಗುವ 9 ಎಂಎಂ ಗುಂಡುಗಳು ಒಂದು ಸಾವಿರ ಸೇರಿದರೆ ಸುಮಾರು 17.7 ಪೌಂಡ್, ಅಂದರೆ ಎಂಟು ಕಿಲೋ ಆಗುತ್ತದೆ, ಅದೂ ಮೊಣಕೈಯಷ್ಟು ಉದ್ದವೂ ಇಲ್ಲದ ಪೆಟ್ಟಿಗೆಯೊಳಗೆ. ಒಳಗೆ ಗುಂಡುಗಳು ಅಲ್ಲಾಡಿದರೆ ರಟ್ಟಿನ ಮೂಲೆ ದಾರಿಯಲ್ಲೇ ಹರಿಯುತ್ತದೆ. ನಾನು ಗುಂಡುಗಳನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಕಟ್ಟಿ, ಉಳಿದ ಜಾಗಕ್ಕೆ ಕಾಗದವನ್ನು ಬಿಗಿಯಾಗಿ ತುರುಕಿ, ಪೆಟ್ಟಿಗೆಯ ಎಲ್ಲ ಅಂಚುಗಳಿಗೂ ನಾರಿನ ಎಳೆಯಿರುವ ಟೇಪ್ ಸುತ್ತುತ್ತೇನೆ. ಕೌಂಟರಿನಲ್ಲಿ ಕೇಳಿದಾಗ ‘ಸೀಸದ ಗುಂಡುಗಳು ಮಾತ್ರ, ತೋಟೆಯಲ್ಲ, ಮದ್ದೂ ಪ್ರೈಮರೂ ಇಲ್ಲ’ ಎಂದು ಬಿಡಿಸಿ ಹೇಳುವುದು ಒಳ್ಳೆಯದು. ಬರೀ ‘ಬುಲೆಟ್’ ಎಂದು ಹೇಳಿ ಪೆಟ್ಟಿಗೆಯನ್ನು ವಾಪಸು ಹೊತ್ತುಕೊಂಡು ಬಂದವರು ಅನೇಕರಿದ್ದಾರೆ.

ಹಾರಿಸಿದ ಖಾಲಿ ಕೇಸ್‌ಗಳನ್ನು ಕಳುಹಿಸುವ ಮೊದಲು ಏನನ್ನು ಪರಿಶೀಲಿಸಬೇಕು?

ಪ್ರತಿಯೊಂದು ಕೇಸನ್ನೂ ಕಣ್ಣಿನಿಂದ ನೋಡಬೇಕು. ನಾನು ಇದನ್ನು ಸುಮ್ಮನೆ ಹೇಳುತ್ತಿಲ್ಲ. ಒಮ್ಮೆ ಶೂಟಿಂಗ್ ರೇಂಜಿನಿಂದ ಹೆಕ್ಕಿ ತಂದಿದ್ದ ಸಾವಿರದಷ್ಟು ಕೇಸ್‌ಗಳನ್ನು ಸ್ನೇಹಿತರೊಬ್ಬರಿಗೆ ಕಳುಹಿಸಲು ತೂಗಿ, ಚೀಲಕ್ಕೆ ತುಂಬಿ, ಕಟ್ಟಿಯೂ ಆಗಿತ್ತು. ಮನಸ್ಸಿಗೆ ಸಮಾಧಾನವಾಗದೆ ಮತ್ತೆ ಬಿಚ್ಚಿ ಬಟ್ಟೆಯ ಮೇಲೆ ಹರಡಿದಾಗ, ಅವುಗಳ ನಡುವೆ ಹಾರದೆ ಉಳಿದಿದ್ದ ಒಂದು ಇಡೀ ತೋಟೆ, ಜೊತೆಗೆ ಬುಡದ ಪ್ರೈಮರ್ ಇನ್ನೂ ಜೀವಂತವಾಗಿದ್ದ ಎರಡು ಕೇಸ್‌ಗಳು ಸಿಕ್ಕವು. ಗುರುತಿಸುವುದು ಕಷ್ಟವಲ್ಲ: ಹಾರಿದ ಪ್ರೈಮರಿನ ನಡುವೆ ಕೋವಿಯ ಸೂಜಿ ಹೊಡೆದ ಕುಳಿ ಸ್ಪಷ್ಟವಾಗಿ ಕಾಣುತ್ತದೆ, ಹಾರದ ಪ್ರೈಮರಿನ ಮುಖ ನುಣ್ಣಗೆ ಹೊಳೆಯುತ್ತಿರುತ್ತದೆ. ಕುಳಿ ಇದ್ದರೂ ಸಿಡಿಯದೆ ಉಳಿದವು ಅಪರೂಪಕ್ಕೆ ಇರುವುದರಿಂದ, ಅಂಚೆಗೆ ಹಾಕುವ ಮೊದಲು ಪ್ರೈಮರನ್ನೇ ಕಿತ್ತುಹಾಕಿಬಿಡುವುದು ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ. ಜೀವಂತ ಪ್ರೈಮರ್ ಕೂರಿಸಿದ ಖಾಲಿ ಕೇಸ್ ಕಾನೂನಿನಲ್ಲಿ ಖಾಲಿ ಕೇಸ್ ಅಲ್ಲ. ಅಪಾಯಕಾರಿ ವಸ್ತುಗಳನ್ನು ಗುರುತಿಸುವ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ ಯುಎನ್ 0055 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ, ಮತ್ತು ಅದನ್ನು ಅಂಚೆಗೆ ಹಾಕುವಂತಿಲ್ಲ.

ಖಾಸಗಿ ಸಾಗಣೆಯಲ್ಲಿ ಪ್ರೈಮರ್ ಮತ್ತು ಮದ್ದಿಗೆ ತೋಟೆಗಿಂತ ಕಟ್ಟುನಿಟ್ಟಾದ ನಿಯಮ ಏಕೆ?

ಸಿದ್ಧ ತೋಟೆಯಲ್ಲಿರುವುದೂ ಅದೇ ಪ್ರೈಮರ್, ಅದೇ ಮದ್ದು ತಾನೇ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ತೋಟೆಯಲ್ಲಿ ಮದ್ದು ಚೂರು ಚೂರಾಗಿ, ಪ್ರತ್ಯೇಕ ಹಿತ್ತಾಳೆಯ ಗೂಡುಗಳಲ್ಲಿ ಹಂಚಿಹೋಗಿರುತ್ತದೆ. ಕೋವಿಯ ನಳಿಗೆಯ ಹಿಡಿತ ಇಲ್ಲದಿರುವಾಗ ಅದು ಸಿಡಿದರೂ ಕೇಸ್ ಹರಿದು ಶಕ್ತಿ ಅಲ್ಲಿಗೇ ಚೆದುರುತ್ತದೆ, ಪಕ್ಕದ ತೋಟೆಗಳೆಲ್ಲ ಒಟ್ಟಿಗೆ ಸಿಡಿಯುವುದಿಲ್ಲ. ಸ್ಫೋಟಕಗಳ ವರ್ಗೀಕರಣದಲ್ಲಿ 1.4ಎಸ್ ಎಂದರೆ ಇದೇ: ಅಪಾಯವು ಬಹುಮಟ್ಟಿಗೆ ಪೆಟ್ಟಿಗೆಯೊಳಗೇ ಉಳಿಯುವಂಥದ್ದು. ಪ್ರೈಮರುಗಳ ಸ್ವಭಾವ ಬೇರೆ. ಏಟಿಗೆ ಸಿಡಿಯಲೆಂದೇ ಅವುಗಳನ್ನು ಮಾಡಿರುವುದರಿಂದ, ಒಂದು ಡಬ್ಬಿಯಲ್ಲಿ ಸಡಿಲವಾಗಿ ಸುರಿದಿಟ್ಟರೆ ಒಂದು ಸಿಡಿದಾಗ ಉಳಿದವೂ ಜೊತೆಗೇ ಸಿಡಿಯಬಲ್ಲವು. ಕಾರ್ಖಾನೆಯವರು ಪ್ರತಿ ಪ್ರೈಮರಿಗೂ ಒಂದೊಂದು ಗುಳಿ ಇರುವ ತಟ್ಟೆಯಲ್ಲಿ ಅವುಗಳನ್ನು ದೂರ ದೂರ ಕೂರಿಸುವುದು ಅಂದಕ್ಕಾಗಿ ಅಲ್ಲ. ಹಾಗೆ ತುಂಬಿಟ್ಟಾಗ ಮಾತ್ರ ಅವು ಯುಎನ್ 0044 ಸಂಖ್ಯೆಯಡಿ 1.4ಎಸ್ ವರ್ಗಕ್ಕೆ ಸಲ್ಲುತ್ತವೆ. ಯಾರಾದರೂ ಪ್ರೈಮರುಗಳನ್ನು ಗಾಜಿನ ಬಾಟಲಿಗೆ ಸುರಿದಿಟ್ಟಿರುವುದು ಕಂಡರೆ ದಯವಿಟ್ಟು ಅವರಿಗೆ ತಿಳಿಸಿ ಹೇಳಿ.

ಹೊಗೆರಹಿತ ಮದ್ದು ಸ್ಫೋಟಿಸುವುದಕ್ಕಿಂತ ವೇಗವಾಗಿ ಉರಿಯುವ ವಸ್ತು. ಬಿಗಿಯಾದ ಪಾತ್ರೆಯಲ್ಲಿ ಉರಿದರೆ ಒತ್ತಡ ಏರಿ ಪಾತ್ರೆಯೇ ಸಿಡಿಯುತ್ತದೆ. ಅದಕ್ಕೇ ಮೂಲ ಡಬ್ಬಿಗಳನ್ನು ಒತ್ತಡ ಬಂದೊಡನೆ ಸೀಳಿಕೊಳ್ಳುವಂತೆ ಮಾಡಿರುತ್ತಾರೆ, ಮತ್ತು ಬೇರೆ ಪಾತ್ರೆಗೆ ಬದಲಾಯಿಸಬೇಡಿ ಎಂದು ಹೇಳುತ್ತಾರೆ. ಫೆಡರಲ್ ಸಾರಿಗೆ ನಿಯಮದ 173.171ನೇ ವಿಧಿಯು, ಪರೀಕ್ಷಿಸಿ ಅನುಮೋದಿಸಿದ ಹೊಗೆರಹಿತ ಮದ್ದನ್ನು ದೇಶದೊಳಗಿನ ಸಾಗಣೆಗಾಗಿ ಸ್ಫೋಟಕದ ವರ್ಗದಿಂದ 4.1, ಅಂದರೆ ಉರಿಯುವ ಘನವಸ್ತುವಿನ ವರ್ಗಕ್ಕೆ ಇಳಿಸಲು ಅವಕಾಶ ಕೊಡುತ್ತದೆ. ಆದರೆ ಒಳಡಬ್ಬಿ ಒಂದೊಂದೂ 8 ಪೌಂಡ್ ಮೀರಬಾರದು ಮತ್ತು ಒಂದು ವಾಹನದಲ್ಲಿ ಒಟ್ಟು 100 ಪೌಂಡ್ ಮೀರಬಾರದು. ಹಳೆಯ ಕಪ್ಪು ಮದ್ದಿಗೆ ಇನ್ನೂ ಬಿಗಿ ನಿಯಮ: 4.1 ವರ್ಗಕ್ಕೆ ಇಳಿಸಬೇಕಾದರೆ ಒಂದು ಡಬ್ಬಿಯಲ್ಲಿ ಒಂದು ಪೌಂಡ್ ಮಾತ್ರ, ಒಂದು ಪೆಟ್ಟಿಗೆಯಲ್ಲಿ 25 ಡಬ್ಬಿಗಳು ಮಾತ್ರ. ನಮ್ಮ ಊರಿನ ಕೇಪಿನ ಕೋವಿಗೆ ಹಾಕುವ ಮದ್ದು ಈ ಜಾತಿಯದು. ಒಂದು ಕಿಡಿ ಸಾಕು ಎಂಬುದು ಅದನ್ನು ಬಳಸಿದವರಿಗೆ ಗೊತ್ತೇ ಇದೆ.

ನಾನು ಖಾಸಗಿ ವ್ಯಕ್ತಿ. ನನ್ನಲ್ಲಿ ಮಿಕ್ಕಿರುವ ಪ್ರೈಮರ್ ಅಥವಾ ಮದ್ದನ್ನು ಸ್ನೇಹಿತರಿಗೆ ಕೊರಿಯರ್‌ನಲ್ಲಿ ಕಳುಹಿಸಬಹುದೇ?

ವಾಸ್ತವದಲ್ಲಿ ಸಾಧ್ಯವಾಗುವುದಿಲ್ಲ. ಇವನ್ನು ಸಾಗಿಸಲು ಅಪಾಯಕಾರಿ ವಸ್ತುಗಳ ಬಗ್ಗೆ ಸಾಗಣೆ ಕಂಪನಿಯೊಂದಿಗೆ ಒಪ್ಪಂದ, ಪರೀಕ್ಷಿತ ಪೆಟ್ಟಿಗೆಗಳು, ಸಾಗಣೆ ಪತ್ರ, ತುರ್ತು ದೂರವಾಣಿ ಸಂಖ್ಯೆ ಮತ್ತು ಮೂರು ವರ್ಷಕ್ಕೊಮ್ಮೆ ಪುನರಾವರ್ತಿಸಬೇಕಾದ ತರಬೇತಿ ಬೇಕಾಗುತ್ತವೆ. ಹತ್ತಿರದವರಾದರೆ ಕೈಯಿಂದ ಕೈಗೆ ಕೊಡಿ.

ಆನ್‌ಲೈನ್ ಅಂಗಡಿಗಳು ಪ್ರೈಮರ್ ಮತ್ತು ಮದ್ದಿಗೆ ಹಜ್‌ಮ್ಯಾಟ್ (ಅಪಾಯಕಾರಿ ವಸ್ತು) ಶುಲ್ಕ ಎಂದು ಪ್ರತ್ಯೇಕವಾಗಿ ಏಕೆ ಸೇರಿಸುತ್ತವೆ?

ಮೇಲೆ ಹೇಳಿದ ವ್ಯವಸ್ಥೆಯ ಖರ್ಚು ಅದು. ಸಾಗಣೆ ಕಂಪನಿಯು ಪ್ರತಿ ಪೆಟ್ಟಿಗೆಗೆ ಅಂಗಡಿಯಿಂದ ವಸೂಲು ಮಾಡುವುದನ್ನು ಅಂಗಡಿಯು ನಿಮ್ಮಿಂದ ಪಡೆಯುತ್ತದೆ. ಶುಲ್ಕ ವಸ್ತುವಿನ ಬೆಲೆಯನ್ನು ನೋಡಿ ನಿಗದಿಯಾಗುವುದಿಲ್ಲ, ಆದ್ದರಿಂದ ಒಂದು ಪೌಂಡ್ ಮದ್ದಿಗಾಗಿ ಅದನ್ನು ತೆರುವುದು ನಷ್ಟದ ಬಾಬತ್ತು. ವರ್ಷಕ್ಕೆ ಬೇಕಾದಷ್ಟನ್ನು ಒಮ್ಮೆಗೇ ತರಿಸುವುದು ಲಾಭಕರವಾದರೂ, ಮನೆಯಲ್ಲಿ ಎಷ್ಟು ಇಡಬಹುದು ಎಂಬುದನ್ನು ಮರೆಯಬಾರದು. ಅಗ್ನಿ ಸುರಕ್ಷತೆಯ ಎನ್‌ಎಫ್‌ಪಿಎ 495 ಮಾನದಂಡವು ವಾಸದ ಮನೆಯಲ್ಲಿ ಮೂಲ ಡಬ್ಬಿಗಳಲ್ಲೇ 20 ಪೌಂಡ್ ಹೊಗೆರಹಿತ ಮದ್ದು ಮತ್ತು 10,000 ಪ್ರೈಮರುಗಳನ್ನು ಮಿತಿಯಾಗಿ ಸೂಚಿಸುತ್ತದೆ. ನಿಮ್ಮ ಊರಿನ ಅಗ್ನಿಶಾಮಕ ನಿಯಮ ಇದಕ್ಕಿಂತ ಬಿಗಿಯಾಗಿಯೂ ಇರಬಹುದು. ಅಲಾಸ್ಕ ಮತ್ತು ಹವಾಯಿಗೆ ರಸ್ತೆ ಮಾರ್ಗದ ಕೊರಿಯರ್ ಸಾಗಣೆ ಸುಲಭವಲ್ಲದ್ದರಿಂದ ಹೆಚ್ಚಿನ ಅಂಗಡಿಗಳು ಅಲ್ಲಿಗೆ ಇವನ್ನು ಕಳುಹಿಸುವುದಿಲ್ಲ.

ಸಿದ್ಧ ತೋಟೆಗಳನ್ನು ಖಾಸಗಿ ಸಾಗಣೆ ಕಂಪನಿಯ ಮೂಲಕ ಕಳುಹಿಸುವ ಕ್ರಮ ಯಾವುದು?

ತೋಟೆಗಳು ಸಾಮಾನ್ಯವಾಗಿ ‘ಲಿಮಿಟೆಡ್ ಕ್ವಾಂಟಿಟಿ’, ಅಂದರೆ ಸೀಮಿತ ಪ್ರಮಾಣ, ಎಂಬ ಸಡಿಲಿಕೆಯಡಿ ರಸ್ತೆ ಮಾರ್ಗದಲ್ಲಿ ಹೋಗುತ್ತವೆ. 173.63ನೇ ವಿಧಿಯ ಪ್ರಕಾರ ಅವು ರೈಫಲ್, ಪಿಸ್ತೂಲ್ ಅಥವಾ ಶಾಟ್‌ಗನ್‌ನ ತೋಟೆಗಳಾಗಿರಬೇಕು. ರೈಫಲ್ ಮತ್ತು ಪಿಸ್ತೂಲಿನವು 50 ಕ್ಯಾಲಿಬರ್ (ಅರ್ಧ ಇಂಚು ವ್ಯಾಸ), ಶಾಟ್‌ಗನ್‌ನವು 8 ಗೇಜ್ ಗಾತ್ರ ಮೀರಬಾರದು. ಗುಂಡಿನೊಳಗೆ ಬೆಂಕಿ ಹಚ್ಚುವ, ಸಿಡಿಯುವ ಅಥವಾ ಅಶ್ರುವಾಯು ಬಿಡುವ ವಸ್ತು ಇರಬಾರದು. ತೋಟೆಗಳನ್ನು ಒಳಪೆಟ್ಟಿಗೆ ಅಥವಾ ವಿಭಾಗಗಳಲ್ಲಿ ಬಿಗಿಯಾಗಿ ಕೂರಿಸಿ, ಪ್ರೈಮರಿಗೆ ಏಟು ಬೀಳದಂತೆ ಕಾಪಾಡಬೇಕು. ಚೀಲದಲ್ಲಿ ಸಡಿಲವಾಗಿ ಸುರಿದು ಕಳುಹಿಸುವುದು ತಪ್ಪು. ಹೊರಪೆಟ್ಟಿಗೆ ಗಟ್ಟಿಯಾಗಿರಬೇಕು, ಒಟ್ಟು ತೂಕ 30 ಕಿಲೋ, ಅಂದರೆ 66 ಪೌಂಡ್ ಮೀರಬಾರದು. ಪೆಟ್ಟಿಗೆಯ ಮೇಲೆ ವಜ್ರಾಕಾರದ, ಮೇಲಿನ ಮತ್ತು ಕೆಳಗಿನ ಮೂಲೆ ಕಪ್ಪು, ನಡುಭಾಗ ಬಿಳಿ ಇರುವ ಗುರುತನ್ನು ಹಚ್ಚಬೇಕು. ಅದರ ಪ್ರತಿ ಬದಿ ಕನಿಷ್ಠ 100 ಮಿಲಿಮೀಟರ್ ಇರಬೇಕು, ಪೆಟ್ಟಿಗೆ ತೀರ ಚಿಕ್ಕದಾದರೆ 50ಕ್ಕೆ ಇಳಿಸಬಹುದು.

ಇಷ್ಟೆಲ್ಲ ಸರಿಯಿದ್ದರೂ ಸಾಗಣೆ ಕಂಪನಿಯು ಸ್ವೀಕರಿಸಲೇಬೇಕೆಂಬ ಕಡ್ಡಾಯವಿಲ್ಲ. ಕಾನೂನು ಅನುಮತಿಸುವುದು ಒಂದು, ಕಂಪನಿ ಒಪ್ಪುವುದು ಇನ್ನೊಂದು. ಯಾರಿಂದ, ಯಾವ ಕೇಂದ್ರದಲ್ಲಿ, ಯಾವ ಖಾತೆಯ ಮೇಲೆ ಸ್ವೀಕರಿಸುತ್ತೇವೆ ಎಂಬುದನ್ನು ಕಂಪನಿಗಳು ಆಗಾಗ ಬದಲಾಯಿಸುವುದರಿಂದ, ಕಳುಹಿಸುವ ವಾರದಲ್ಲೇ ಅವರ ಪ್ರಕಟಿತ ನಿಯಮವನ್ನು ಓದಿ. ಬೀದಿ ಬದಿಯ ಪಾರ್ಸೆಲ್ ಅಂಗಡಿಗೆ ಹೋಗಿ ಒಳಗೇನಿದೆ ಎಂದು ಹೇಳದೆ ಕೊಟ್ಟು ಬರುವುದು ಮಾತ್ರ ಯಾವ ಕಾರಣಕ್ಕೂ ಕೂಡದು.

ಹಳೆಯ ಪೆಟ್ಟಿಗೆಗಳ ಮೇಲಿರುವ ‘ಓಆರ್‌ಎಂ-ಡಿ’ ಗುರುತು ಇನ್ನೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಸಣ್ಣ ಪ್ರಮಾಣದ ಅಪಾಯಕಾರಿ ಗ್ರಾಹಕ ವಸ್ತುಗಳಿಗೆಂದು ಇದ್ದ ಆ ವರ್ಗವು 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಆದರೂ ಅಂಥ ಪೆಟ್ಟಿಗೆಗಳು ಗರಾಜುಗಳಲ್ಲಿ ಇನ್ನೂ ಬೇಕಾದಷ್ಟು ಇವೆ. ಅವುಗಳಲ್ಲಿ ಪುಸ್ತಕವನ್ನೋ ಖಾಲಿ ಕೇಸನ್ನೋ ಕಳುಹಿಸುವುದಾದರೆ ಹಳೆಯ ಗುರುತನ್ನು ಪೂರ್ತಿ ಮುಚ್ಚಬೇಕು ಅಥವಾ ಅಳಿಸಬೇಕು. ನಾನು ಒಮ್ಮೆ ಖಾಲಿ ಕೇಸ್‌ಗಳನ್ನು ಹಾಗೆ ಹಳೆಯ ಪೆಟ್ಟಿಗೆಯಲ್ಲಿ ಕಳುಹಿಸಿ, ಬದಿಯಲ್ಲಿ ಉಳಿದಿದ್ದ ಅರ್ಧ ಗುರುತಿನ ಕಾರಣಕ್ಕೆ ಅದು ಎರಡು ವಾರ ನಿಂತುಹೋಗಿ ನನ್ನ ಬಾಗಿಲಿಗೇ ಹಿಂದಿರುಗಿತು. ತಡೆದವರದು ತಪ್ಪೆಂದು ನಾನು ಹೇಳಲಾರೆ. ಪೆಟ್ಟಿಗೆಯ ಮೇಲೆ ಏನು ಬರೆದಿದೆಯೋ ಅದನ್ನೇ ಅವರು ನಂಬಬೇಕು.

ಪೆಟ್ಟಿಗೆಯಲ್ಲಿ ತೋಟೆ ಇದೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದೇ?

ಸಾಲದು. ಫೆಡರಲ್ ಕಾನೂನಿನ 18ನೇ ಶೀರ್ಷಿಕೆಯ 922(ಇ) ವಿಧಿಯಂತೆ, ಪರವಾನಗಿ ಇಲ್ಲದ ವ್ಯಕ್ತಿಗೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೋವಿ ಅಥವಾ ತೋಟೆಯನ್ನು ಕಳುಹಿಸುವವರು ಸಾಗಣೆದಾರರಿಗೆ ಲಿಖಿತವಾಗಿ ತಿಳಿಸಬೇಕು. ಒಳಗಿನ ವಸ್ತುವನ್ನು ಸರಿಯಾಗಿ ವರ್ಗೀಕರಿಸುವ ಹೊಣೆಯೂ ಕಳುಹಿಸುವವರದೇ. ಅಪಾಯಕಾರಿ ವಸ್ತುಗಳ ಸಾಗಣೆ ಕಾನೂನನ್ನು ತಿಳಿದೂ ಮುರಿದವರಿಗೆ ಐದು ವರ್ಷದವರೆಗೆ ಸೆರೆವಾಸ ಆಗಬಹುದು. ಸೋರಿದ ವಸ್ತುವಿನಿಂದ ಸಾವು ಅಥವಾ ಗಾಯವಾದರೆ ಹತ್ತು ವರ್ಷ. ಆ ಪೆಟ್ಟಿಗೆಯನ್ನು ಎತ್ತಿಹಾಕುವ ಕೆಲಸಗಾರನಿಗೆ ಒಳಗೇನಿದೆ ಎಂದು ತಿಳಿಯುವ ಹಕ್ಕಿದೆ ಎಂಬುದನ್ನು ನೆನೆದರೆ ಈ ನಿಯಮ ಅತಿಯೆಂದು ಅನಿಸುವುದಿಲ್ಲ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ತೋಟೆಗಳನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಬಹುದೇ?

ನಮ್ಮವರು ಅತಿ ಹೆಚ್ಚು ಎಡವುವ ಜಾಗ ಇದು, ಆದ್ದರಿಂದ ನಿಧಾನವಾಗಿ ಓದಿ. 922(ಜಿ)(5) ವಿಧಿಯು ವಲಸೆಯೇತರ ವೀಸಾದಲ್ಲಿ ದೇಶದೊಳಗೆ ಬಂದವರು ಕೋವಿಯನ್ನಷ್ಟೇ ಅಲ್ಲ, ತೋಟೆಯನ್ನು ಹೊಂದುವುದನ್ನೂ ನಿಷೇಧಿಸುತ್ತದೆ. ಎಚ್-1ಬಿ, ಎಲ್-1, ಎಫ್-1, ಎಚ್-4 ಎಲ್ಲವೂ ವಲಸೆಯೇತರ ವೀಸಾಗಳೇ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಕೋವಿಯನ್ನು ಒಂದು ಗಂಟೆ ಕೈಯಲ್ಲಿ ಹಿಡಿಯುವುದೂ ಹೊಂದುವುದೇ ಆಗುತ್ತದೆ. ಇದಕ್ಕೆ ಕೆಲವು ವಿನಾಯಿತಿಗಳಿವೆ, ಅವುಗಳಲ್ಲಿ ಸಾಮಾನ್ಯವಾಗಿ ಬಳಕೆಗೆ ಬರುವುದು ಅಮೆರಿಕದ ಯಾವುದಾದರೂ ರಾಜ್ಯ ಕಾನೂನುಬದ್ಧವಾಗಿ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಆ ಪರವಾನಗಿಯ ಅವಧಿ ಮುಗಿದ ದಿನ ಮನೆಯಲ್ಲಿ ಒಂದು ಪೆಟ್ಟಿಗೆ ತೋಟೆ ಉಳಿದಿದ್ದರೂ ಅದು ಅಪರಾಧ. ಶಿಕ್ಷೆ 2022ರ ತಿದ್ದುಪಡಿಯ ನಂತರ ಹದಿನೈದು ವರ್ಷದವರೆಗೆ ಇದೆ.

ಐ-140 (ಉದ್ಯೋಗ ಆಧಾರಿತ ಗ್ರೀನ್ ಕಾರ್ಡಿನ ಅರ್ಜಿ) ಮಂಜೂರಾಗಿದೆ, ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೇನೆ ಎಂಬುದರಿಂದ ನೀವು ಕಾಯಂ ನಿವಾಸಿ ಆಗುವುದಿಲ್ಲ. ಗ್ರೀನ್ ಕಾರ್ಡ್ ಕೈಗೆ ಬಂದವರಿಗೆ ಈ ನಿರ್ದಿಷ್ಟ ನಿಷೇಧ ಅನ್ವಯಿಸುವುದಿಲ್ಲ. ಆನ್‌ಲೈನ್ ಅಂಗಡಿಯು ನಿಮ್ಮ ವೀಸಾ ಕೇಳದೆ ಪೆಟ್ಟಿಗೆಯನ್ನು ಮನೆಗೆ ತಲುಪಿಸಿತು ಎಂಬುದು ನ್ಯಾಯಾಲಯದಲ್ಲಿ ನಿಮ್ಮನ್ನು ಉಳಿಸುವುದಿಲ್ಲ. ಸಂದೇಹವಿದ್ದರೆ ಮೊದಲು ವಲಸೆ ವಕೀಲರನ್ನು ಕಾಣಿ, ಆಮೇಲೆ ಅಂಗಡಿಯನ್ನು.

ವಯಸ್ಸು ಮತ್ತು ರಾಜ್ಯಗಳ ನಿಯಮಗಳು ಯಾವುವು?

ಪರವಾನಗಿ ಪಡೆದ ವ್ಯಾಪಾರಿಯಿಂದ ರೈಫಲ್ ಮತ್ತು ಶಾಟ್‌ಗನ್ ತೋಟೆ ಕೊಳ್ಳಲು 18, ಕೈಪಿಸ್ತೂಲಿನ ತೋಟೆಗೆ 21 ವರ್ಷ ತುಂಬಿರಬೇಕು. 1968ರ ಗನ್ ಕಂಟ್ರೋಲ್ ಆಕ್ಟ್ ರಾಜ್ಯದಿಂದ ರಾಜ್ಯಕ್ಕೆ ತೋಟೆ ತರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿತ್ತು. 1986ರ ಕಾನೂನು ಅದನ್ನು ಮತ್ತೆ ತೆರೆಯಿತು. ರಾಜ್ಯಗಳ ಬೇಲಿ ಮಾತ್ರ ಹಾಗೇ ಇದೆ. ಕ್ಯಾಲಿಫೋರ್ನಿಯದಲ್ಲಿ 2018ರಿಂದ ಆನ್‌ಲೈನ್ ತೋಟೆ ನೇರ ಮನೆಗೆ ಬರುವಂತಿಲ್ಲ, ಪರವಾನಗಿ ಇರುವ ಅಂಗಡಿಯ ಮೂಲಕವೇ ಪಡೆಯಬೇಕು. 2019ರ ಜುಲೈಯಿಂದ ಸೇರಿದ ಹಿನ್ನೆಲೆ ತಪಾಸಣೆಯ ನಿಯಮ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ನ್ಯೂಯಾರ್ಕ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ತೋಟೆಗೂ ತಪಾಸಣೆ ಇದೆ. ಇಲಿನಾಯ್‌ನಲ್ಲಿ ಫಾಯ್ಡ್ ಕಾರ್ಡ್, ಅಂದರೆ ಕೋವಿ ಹೊಂದುವವರಿಗೆ ರಾಜ್ಯ ಕೊಡುವ ಗುರುತಿನ ಚೀಟಿ, ಬೇಕು. ಸಾಗಣೆ ನಿಯಮ ಸರಿಯಿದ್ದರೂ ತಲುಪುವ ಊರಿನ ನಿಯಮ ತಪ್ಪಿದರೆ ಕಳುಹಿಸಿದವರೂ ಸಿಕ್ಕಿಬೀಳಬಹುದು.

ವಿಮಾನದಲ್ಲಿ ನಾನೇ ಒಯ್ದರೆ?

ತೋಟೆಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಮಾತ್ರ, ಅವುಗಳಿಗೆಂದೇ ಮಾಡಿದ ಪೆಟ್ಟಿಗೆಯಲ್ಲಿಟ್ಟು, ಕೌಂಟರಿನಲ್ಲಿ ಘೋಷಿಸಿ ಒಯ್ಯಬಹುದು. ವಿಮಾನ ಕಂಪನಿಗಳು ಸಾಮಾನ್ಯವಾಗಿ ಒಬ್ಬರಿಗೆ 5 ಕಿಲೋ ಮಿತಿ ಇಡುತ್ತವೆ. ಮದ್ದು ಮತ್ತು ಪ್ರೈಮರ್ ಕೈಚೀಲದಲ್ಲೂ ಇಲ್ಲ, ಚೆಕ್-ಇನ್ ಸಾಮಾನಿನಲ್ಲೂ ಇಲ್ಲ.

ಊರಿಗೆ ಹೋಗುವಾಗ ಅಣ್ಣನಿಗೆಂದು ರೀಲೋಡಿಂಗ್ ಪ್ರೆಸ್ ಮತ್ತು ಖಾಲಿ ಕೇಸ್‌ಗಳನ್ನು ಭಾರತಕ್ಕೆ ಒಯ್ಯಬಹುದೇ?

ಅಮೆರಿಕದಲ್ಲಿ ನಿರ್ಬಂಧವಿಲ್ಲದ ವಸ್ತು ಭಾರತದಲ್ಲೂ ಹಾಗೇ ಇರುತ್ತದೆ ಎಂದು ತಿಳಿದರೆ ದೊಡ್ಡ ತೊಂದರೆಗೆ ಸಿಲುಕುತ್ತೀರಿ. 1959ರ ಭಾರತದ ಶಸ್ತ್ರಾಸ್ತ್ರ ಕಾಯಿದೆಯ 2ನೇ ಕಲಮು ‘ಮದ್ದುಗುಂಡು’ ಎಂಬ ಪದವನ್ನು ವ್ಯಾಖ್ಯಾನಿಸುವಾಗ ತೋಟೆಯ ಬಿಡಿಭಾಗಗಳನ್ನೂ, ಅದನ್ನು ತಯಾರಿಸುವ ಯಂತ್ರಗಳನ್ನೂ ಒಳಗೆ ಸೇರಿಸುತ್ತದೆ. ಅಂದರೆ ಇಲ್ಲಿ ಬರೀ ಹಿತ್ತಾಳೆ ಎನಿಸಿಕೊಂಡ ಕೇಸ್, ಬರೀ ಕಬ್ಬಿಣದ ಉಪಕರಣ ಎನಿಸಿಕೊಂಡ ಪ್ರೆಸ್, ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಮದ್ದುಗುಂಡೇ ಆಗಬಹುದು. ಆಮದಿಗೆ 10ನೇ ಕಲಮಿನಡಿ, ತಯಾರಿಕೆಗೆ 5ನೇ ಕಲಮಿನಡಿ ಪರವಾನಗಿ ಬೇಕು. ಅಮೆರಿಕದಿಂದ ಹೊರಗೆ ಕಳುಹಿಸುವುದಕ್ಕೂ ಅಲ್ಲಿನ ರಫ್ತು ನಿಯಂತ್ರಣ ಅನ್ವಯಿಸುತ್ತದೆ. ಅಣ್ಣನಿಗೆ ಬೇರೆ ಏನಾದರೂ ಒಯ್ಯಿರಿ.

ರೇಂಜಿಗೆ ಒಯ್ಯುವ ಚೀಲವನ್ನೇ ಪ್ರಯಾಣಕ್ಕೂ ಬಳಸಬೇಡಿ. ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ತೋಟೆಯಿಂದ ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಕರಣ ದಾಖಲಾದವರಿದ್ದಾರೆ. ಅರಿವಿದ್ದು ಹೊಂದಿದ್ದರೆ ಮಾತ್ರ ಅಪರಾಧ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ ನಿಜ, ಆದರೆ ಅದನ್ನು ನ್ಯಾಯಾಲಯದಲ್ಲಿ ತೋರಿಸಿಕೊಡುವ ಹೊತ್ತಿಗೆ ರಜೆಯೂ ಕೆಲಸವೂ ಕೈತಪ್ಪಿರುತ್ತವೆ.

ನಾವು ಕೊಡಗಿನವರು, ನಮಗೆ ವಿನಾಯಿತಿ ಇದೆಯಲ್ಲ?

ಪರವಾನಗಿ ಇಲ್ಲದೆ ಕೋವಿ ಹೊಂದಲು ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ 2029ರವರೆಗೆ ವಿಸ್ತರಿಸಿತು, ಮತ್ತು 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ ದಿನ ತೋಕ್‌ಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜಿಸುವ ಮನೆಗಳಿಗೆ ಇದು ಬೆಲೆಯುಳ್ಳ ಹಕ್ಕು. ಆದರೆ ಅದು ಸಂಬಂಧಿಸಿರುವುದು ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಹೊಂದುವುದಕ್ಕೆ ಪರವಾನಗಿ ಬೇಕೆನ್ನುವ 3 ಮತ್ತು 4ನೇ ಕಲಮುಗಳಿಗೆ ಮಾತ್ರ. ತಯಾರಿಕೆ, ಮಾರಾಟ, ಆಮದಿನ ಕಲಮುಗಳು ಹಾಗೇ ಉಳಿದಿವೆ, ಅಂಚೆಯ ನಿಷೇಧವೂ ಹಾಗೇ ಇದೆ. ಸ್ಫೋಟಕ ವಸ್ತುಗಳನ್ನು ಅಂಚೆಯಲ್ಲಿ ಕಳುಹಿಸಬಾರದೆಂದು 1898ರ ಅಂಚೆ ಕಾಯಿದೆಯೇ ಹೇಳಿತ್ತು.

ತೀರಿಕೊಂಡ ಹಿರಿಯರ ಕಪಾಟಿನಲ್ಲಿ ಹಳೆಯ ತೋಟೆ ಮತ್ತು ಮದ್ದು ಸಿಕ್ಕಿದೆ. ಯಾರಿಗೆ ಕಳುಹಿಸಬೇಕು?

ಯಾರಿಗೂ ಕಳುಹಿಸಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ಅಮೆರಿಕದಲ್ಲಾದರೆ ಸ್ಥಳೀಯ ಪೊಲೀಸ್ ಠಾಣೆಯ ಅಥವಾ ಅಗ್ನಿಶಾಮಕ ಠಾಣೆಯ ತುರ್ತಲ್ಲದ ಸಂಖ್ಯೆಗೆ ಕರೆ ಮಾಡಿ ಅವರು ಹೇಳಿದಂತೆ ನಡೆಯಿರಿ; ತಾವೇ ಬಂದು ಒಯ್ಯುವವರೂ ಇದ್ದಾರೆ. ಭಾರತದಲ್ಲಾದರೆ ಪರವಾನಗಿ ಪತ್ರವನ್ನು ಹುಡುಕಿಟ್ಟುಕೊಂಡು ತಡಮಾಡದೆ ಠಾಣೆಗೆ ತಿಳಿಸಿ ಒಪ್ಪಿಸಬೇಕು. ಡಬ್ಬಿಯ ಮುಚ್ಚಳ ತೆಗೆದಾಗ ಹುಳಿಯಾದ ಕಟು ವಾಸನೆ ಬಂದರೆ, ಮದ್ದಿನ ಮೇಲೆ ತುಕ್ಕಿನ ಬಣ್ಣದ ಪುಡಿ ಕಂಡರೆ, ಅದು ಕೆಟ್ಟಿದೆ ಎಂದು ಅರ್ಥ. ಬಿಸಿಲು ಬೀಳದ, ಬೆಂಕಿಯಿಂದ ದೂರದ ಜಾಗದಲ್ಲಿ ಇಟ್ಟು, ಅದನ್ನು ಒಯ್ಯಲು ಬರುವವರಿಗೆ ಈ ವಿಷಯವನ್ನು ಮೊದಲೇ ತಿಳಿಸಿ.